ಶಾಂತಾರಾಮರು ಮಿಲ್ಲಿನ ಸೀಟಿ ಊದಿದ್ದು

"ಇದನ್ನು ಕೂಗಿಸದೆ ನಾನು ಬಿಡುದಿಲ್ಲ," ಎಂದು ಶಾಂತಾರಾಮರು ಶಪಥ ಮಾಡಿದ್ದು 2006ರ ಅಕ್ಟೋಬರಿನ ಒಂದು ಭಾನುವಾರ, ನೀರುದೋಸೆಯ ತಟ್ಟೆಯ ಮುಂದೆ ಕೂತು. ಹಿಂದಿನ ಕಾಲದ ಮಹಾವೀರರು ಇಂಥ ಶಪಥಗಳನ್ನು ತುಂಬಿದ ಸಭೆಯಲ್ಲಿ ತೊಡೆ ತಟ್ಟಿ ಮಾಡುತ್ತಿದ್ದರು. ಶಾಂತಾರಾಮರ ಸಭೆಯಲ್ಲಿದ್ದವರು ಇಬ್ಬರೇ, ಹೆಂಡತಿ ವಿನೋದಾ ಮತ್ತು ಹದಿನಾಲ್ಕು ವರ್ಷದ ಮಗಳು ಅಪೂರ್ವಾ. ಹೆಂಡತಿ ಕಾವಲಿ ನೋಡುತ್ತಿದ್ದಳು, ಮಗಳು ಫೋನು ನೋಡುತ್ತಿದ್ದಳು.

ಕೂಗಬೇಕಾಗಿದ್ದದ್ದು ಊರಿನ ಬಟ್ಟೆ ಮಿಲ್ಲಿನ ಸೀಟಿ. ಹಿತ್ತಾಳೆಯದು, ಮೂರು ಗಂಟಲಿನದು, ತೂಕದಲ್ಲಿ ಒಂದು ಅರೆಯುವ ಕಲ್ಲಿನಷ್ಟು. ಮಿಲ್ಲಿನ ಬಾಯ್ಲರ್ ಮನೆಯನ್ನು ಕೆಡವುವಾಗ ಗುಜರಿಗೆ ಹೋಗಲಿದ್ದ ಅದನ್ನು ಶಾಂತಾರಾಮರು ಕಾಡಿ ಬೇಡಿ ತಂದು ಗ್ಯಾರೇಜಿನಲ್ಲಿ ಹಳೆಯ ಬೆಡ್‌ಶೀಟಿನ ಮೇಲೆ ಬಾಣಂತಿಯ ಹಾಗೆ ಮಲಗಿಸಿದ್ದರು. ಮೂರು ವಾರದಿಂದ ಅದಕ್ಕೆ ಹುಣಸೆಹಣ್ಣಿನ ಉಪಚಾರ ನಡೆದಿತ್ತು. ವಿನೋದಾಳ ಹುಣಸೆಹಣ್ಣಿನ ಡಬ್ಬಿ ಖಾಲಿಯಾಗಿ ಸೀಟಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಮನೆಯ ಸಾರು ಮಾತ್ರ ಸಪ್ಪೆಯಾಗಿತ್ತು.

ಊರಿನ ಹೆಸರು ವಿಟ್ಲೋ. ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ನಿಂದ ಅರ್ಧ ಗಂಟೆಯ ದಾರಿ. ಮಂಗಳೂರಿನ ಶಾಂತಾರಾಮರಿಗೂ ಪುತ್ತೂರಿನ ವಿನೋದಾಳಿಗೂ ಅದು ಮೊದಲ ದಿನದಿಂದಲೇ ತಮ್ಮೂರ ಕಡೆಯ ವಿಟ್ಲ. ಫೋನಿನಲ್ಲಿ "ವಿಟ್ಲದಲ್ಲೇ ಇದ್ದೇವೆ" ಎಂದರೆ ನೆಂಟರು ಗಾಬರಿಯಾಗಿ, ಊರಿಗೆ ಯಾವಾಗ ಬಂದಿರಿ, ಎಷ್ಟು ದಿನ ಇರುತ್ತೀರಿ ಎಂದು ವಿಚಾರಿಸುತ್ತಿದ್ದರು.

ಈ ವಿಟ್ಲವನ್ನು ಹುಟ್ಟಿಸಿದ್ದೇ ಮಿಲ್ಲು. ಮನೆಗಳನ್ನು ಕಟ್ಟಿಸಿದ್ದು ಮಿಲ್ಲು, ಚರ್ಚು ಕಟ್ಟಿಸಿದ್ದು ಮಿಲ್ಲು, ಬೇಸ್‌ಬಾಲ್ ಮೈದಾನಕ್ಕೆ ಬೇಲಿ ಹಾಕಿಸಿದ್ದೂ ಮಿಲ್ಲು. ಒಂದೇ ಅಚ್ಚಿನ ಬಿಳಿ ಮನೆಗಳು, ಒಂದೇ ಅಳತೆಯ ಜಗಲಿಗಳು. ಅಪ್ಪ ಅಮ್ಮಂದಿರ ಕೂದಲಿಗೆ ಹತ್ತಿಯ ನಾರು ಅಂಟಿಕೊಂಡೇ ಇರುತ್ತಿದ್ದುದರಿಂದ ಪೇಟೆಯವರು ಇಲ್ಲಿಯ ಮಕ್ಕಳನ್ನು 'ಹತ್ತಿತಲೆ' ಎಂದು ಹಂಗಿಸುತ್ತಿದ್ದರಂತೆ. ದಿನಕ್ಕೆ ಐದು ಸಲ ಸೀಟಿ ಕೂಗುತ್ತಿತ್ತು. ಆ ಕೂಗಿಗೆ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಎಡೆಬಿಡದೆ ಕೂಗಿದರೆ ಮಾತ್ರ ಅರ್ಥ ಬೇರೆ. ಮಿಲ್ಲಿಗೆ ಬೆಂಕಿ ಬಿದ್ದಿದೆ, ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬನ್ನಿ ಎಂದು.

ದಾವಣಗೆರೆಯಲ್ಲಿ ಜವಳಿ ತಂತ್ರಜ್ಞಾನ ಓದಿದ ಶಾಂತಾರಾಮರು ಆ ಮಿಲ್ಲಿನಲ್ಲಿ ಹನ್ನೊಂದು ವರ್ಷ ಯಂತ್ರಗಳ ಉಸ್ತುವಾರಿ ನೋಡಿಕೊಂಡಿದ್ದರು. 2003ರಲ್ಲಿ ಮಿಲ್ಲು ಮುಚ್ಚಿತು. ಕೊನೆಯ ತಿಂಗಳು ಅವರಿಗೆ ಸಿಕ್ಕ ಕೆಲಸವೆಂದರೆ ನೂರ ಎಂಬತ್ತೆರಡು ಮಗ್ಗಗಳಿಗೆ ನಂಬರು ಹಚ್ಚುವುದು. ಮಗ್ಗಗಳು ಹಡಗು ಹತ್ತಿ ಇಂಡಿಯಾಕ್ಕೆ ಹೋದವು, ಶಾಂತಾರಾಮರು ಇಲ್ಲೇ ಉಳಿದರು. ಆಮೇಲೆ ಒಂಬತ್ತು ತಿಂಗಳು ಮನೆಯಲ್ಲಿದ್ದು, ಏನೋ ಕೋರ್ಸು ಮಾಡಿ, ಶಾರ್ಲಟ್‌ನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗಿಗೆ ಸೇರಿದರು. ನೂಲಿನಲ್ಲಿ ತಪ್ಪು ಹುಡುಕುತ್ತಿದ್ದವರು ಈಗ ಪರದೆಯ ಮೇಲೆ ತಪ್ಪು ಹುಡುಕುತ್ತಿದ್ದರು. ಇವರಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಬೆಂಗಳೂರಿನ ಹುಡುಗರು ಅಲ್ಲಿ ಇವರನ್ನು ಅಂಕಲ್ ಎನ್ನುತ್ತಿದ್ದರು. ಕೈಯಲ್ಲಿ ಸ್ಪ್ಯಾನರ್ ಹಿಡಿದು ಮೂರು ವರ್ಷವಾಗಿತ್ತು. ಸೀಟಿಯ ಮೇಲಿನ ಮೋಹಕ್ಕೆ ಇದೂ ಒಂದು ಕಾರಣವಿರಬೇಕು.

ಆಗ ಊರಿನ ಲೈಬ್ರರಿಯವರು ಮಿಲ್ಲಿನ ಚರಿತ್ರೆಯ ಬಗ್ಗೆ ಒಂದು ಪ್ರದರ್ಶನ ಏರ್ಪಡಿಸಿದರು. ಯಾರ ಮನೆಯಲ್ಲಿ ಏನಿದೆಯೋ ತಂದುಕೊಡಿ ಎಂದು ಚೀಟಿ ಹಂಚಿದರು. ಕೊಡುವುದಾದರೆ ಕೂಗುವ ಸೀಟಿಯನ್ನೇ ಕೊಡಬೇಕು, ಶನಿವಾರ ಉದ್ಘಾಟನೆಯ ಹೊತ್ತಿಗೆ ಊರು ಮತ್ತೊಮ್ಮೆ ಅದನ್ನು ಕೇಳಬೇಕು ಎಂಬುದು ಶಾಂತಾರಾಮರ ಹಟ.

"ಲೈಬ್ರರಿಯವರು ಕೇಳಿದ್ದು ನೋಡ್ಲಿಕ್ಕೆ ಮಾರಾಯ್ರೆ," ಎಂದಳು ವಿನೋದಾ. "ಕೇಳ್ಲಿಕ್ಕೆ ಅಲ್ಲ."

ಶಾಂತಾರಾಮರು ಆಗಲೇ ಕೈ ತೊಳೆದು ಗ್ಯಾರೇಜಿಗೆ ಹೊರಟಿದ್ದರು. ಹಬೆ ಎಲ್ಲಿಂದ ತರುವುದು ಎಂದು ಎರಡು ದಿನ ಯೋಚಿಸಿ, ರಸ್ತೆ ಒಡೆಯುವವರು ಬಳಸುವ ಟ್ರೇಲರ್ ಗಾತ್ರದ ಗಾಳಿ ಕಂಪ್ರೆಸರನ್ನು ಬಾಡಿಗೆಗೆ ತರಿಸಿದರು. ಗುರುವಾರ ಸಂಜೆ ಅದು ಬಂತು. ತಂದವನು ಇದು ಹೀಗೆ ಶುರು, ಹೀಗೆ ಬಂದ್ ಎಂದು ತೋರಿಸಲು ಹೊರಟ. ಶಾಂತಾರಾಮರು ಕೈ ಎತ್ತಿ ತಡೆದರು. ಇಪ್ಪತ್ತು ವರ್ಷ ಯಂತ್ರಗಳ ನಡುವೆಯೇ ಬಾಳಿದವನು ನಾನು ಎಂದು ತಿಳಿಸಿದರು. ಅವನು ತೋರಿಸುವುದರಲ್ಲಿ ಅರ್ಧ ಮುಗಿಸಿದ್ದ, ಅಂದರೆ ಶುರು ಮಾಡುವ ಭಾಗ.

ಶುಕ್ರವಾರ ಬೆಳಿಗ್ಗೆ ಆರೂ ಮುಕ್ಕಾಲಕ್ಕೆ, ಕೆಲಸಕ್ಕೆ ಹೊರಡುವ ಮುಂಚೆ, ಒಂದೇ ಒಂದು ಸಣ್ಣ ಪರೀಕ್ಷೆ ಮಾಡೋಣ ಎಂದುಕೊಂಡರು. ಬ್ಯಾಂಕಿನ ಇಸ್ತ್ರಿ ಅಂಗಿ, ಕುತ್ತಿಗೆಗೆ ಬ್ಯಾಂಕಿನ ಬ್ಯಾಡ್ಜು. ಸೀಟಿಯನ್ನು ಗ್ಯಾರೇಜಿನ ಮುಂದೆ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಕಂಪ್ರೆಸರ್ ಶುರು ಮಾಡಿ, ಸೀಟಿಗೆ ಗಾಳಿ ಬಿಡುವ ವಾಲ್ವಿನ ಹಿಡಿಯನ್ನು ಒಂದಿಷ್ಟೇ ಎಳೆದರು.

ಸೀಟಿ ಕೂಗಿತು. ಶಾಂತಾರಾಮರ ಕಣ್ಣಲ್ಲಿ ನೀರು ಬಂತು. ಮರುಕ್ಷಣ ಹಿಡಿ ಮುರಿದು ಕೈಗೆ ಬಂತು.

ಸೀಟಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದವರು ವಾಲ್ವನ್ನು ಬಿಚ್ಚಿ ನೋಡಿರಲಿಲ್ಲ. ಮುರಿದ ಹಿಡಿಯನ್ನು ಮತ್ತೆ ಸಿಕ್ಕಿಸಲು ನೋಡಿದರು, ಆಗಲಿಲ್ಲ. ಕಂಪ್ರೆಸರಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. ಕಂಡ ತಿರುಪನ್ನೆಲ್ಲ ತಿರುಗಿಸಿದರು, ಗಾಳಿ ಇನ್ನೂ ಜೋರಾಯಿತು. ಕಿಟಕಿಯ ಗಾಜುಗಳು ಗಡಗಡ ಅಂದವು. ಇಡೀ ಮೊಹಲ್ಲದ ನಾಯಿಗಳು ಶ್ರುತಿ ಸೇರಿಸಿದವು. ಕೊನೆಗೆ ಏನೂ ತೋಚದೆ ಕಂಪ್ರೆಸರಿಗೆ ಬೆನ್ನು ಆನಿಸಿ, ಎರಡೂ ಕಿವಿ ಮುಚ್ಚಿಕೊಂಡು ನಿಂತುಬಿಟ್ಟರು. ವಿನೋದಾ ನೈಟಿಯ ಮೇಲೆ ಸ್ವೆಟರ್ ಎಳೆದುಕೊಂಡು ಓಡಿಬಂದಳು, ಗಂಡನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು, ಅವರ ಬೆನ್ನ ಹಿಂದಿದ್ದ ಕೆಂಪು ಗುಂಡಿಯನ್ನು ಒತ್ತಿದಳು. ಸೀಟಿ ನರಳುತ್ತಾ ನಿಂತಿತು.

"ಅದರ ಮೇಲೆ ಸ್ಟಾಪ್ ಅಂತ ಬರ್ದದ್ದುಂಟು," ಎಂದಳು.

ಸೀಟಿ ಕೂಗಿದ್ದು ಒಟ್ಟು ಐದು ನಿಮಿಷ. ಅಷ್ಟು ಹೊತ್ತಿಗೆ ಊರು ಎದ್ದು ಬಂದಿತ್ತು. ಮೊದಲು ಬಂದದ್ದು ಬೆಂಕಿ ಆರಿಸುವ ಗಾಡಿ, ಹಿಂದೆಯೇ ಪೊಲೀಸ್ ಕಾರು, ಆಮೇಲೆ ಜನ. ಪೈಜಾಮದಲ್ಲಿದ್ದವರು, ಲೇಸು ಕಟ್ಟದ ಬೂಟಿನಲ್ಲಿ ಬಂದವರು, ಮಿಲ್ಲು ಹೊತ್ತಿ ಉರಿಯುತ್ತಿದೆ ಎಂದು ಬಕೆಟ್ಟು ಹಿಡಿದು ಬಂದ ಒಬ್ಬರು. ಅಪೂರ್ವಾ ಮಾಳಿಗೆಯ ಕಿಟಕಿಯಿಂದ ಇಣುಕಿ, "ಪಪ್ಪ, ಐ ಕಾಂಟ್ ಗೋ ಟು ಸ್ಕೂಲ್ ಟುಡೇ," ಎಂದು ಹೇಳಿ ಕಿಟಕಿ ಹಾಕಿಕೊಂಡಳು.

ಫೈರ್ ಚೀಫ್ ಉಪದೇಶ ಶುರು ಮಾಡಿದ. ಶಾಂತಾರಾಮರು ಕೈ ಕಟ್ಟಿ, ತಲೆ ತಗ್ಗಿಸಿ, ಪ್ರತಿ ವಾಕ್ಯಕ್ಕೂ ಸಾರಿ ಎನ್ನುತ್ತಾ ಕೇಳಿದರು. ಅಲ್ಲಿಗೆ ಮುಗಿದಿದ್ದರೆ ಇದೊಂದು ನಗುವ ಕಥೆಯಾಗಿ ಉಳಿಯುತ್ತಿತ್ತು. ಆದರೆ ಕೂದಲು ಗುಂಗುರಾಗಲೆಂದು ತಲೆಗೆ ಕರ್ಲರ್ ಸುತ್ತಿದ ಒಬ್ಬ ಮುದುಕಿ ಗುಂಪನ್ನು ಸೀಳಿಕೊಂಡು ಮುಂದೆ ಬಂದರು. ನೂಲುವ ವಿಭಾಗದಲ್ಲಿದ್ದವರು. ಹೆಸರು ಶಾಂತಾರಾಮರಿಗೆ ನೆನಪಾಗಲಿಲ್ಲ, ಮುಖ ನೆನಪಿತ್ತು. ಯಾರಾದರೂ ಮಿಲ್ಲು ಕೊಂಡುಕೊಂಡರಾ, ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿದ್ದಾರಾ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಇಲ್ಲ ಎಂದಾಗ ಅವರು ಪೆಚ್ಚಾಗಿ ನಕ್ಕು, ಕೈಯಿಂದ ಕರ್ಲರ್ ಮುಚ್ಚಿಕೊಂಡು ಹಿಂದೆ ಸರಿದರು. ಶಾಂತಾರಾಮರಿಗೆ ಚೀಫನ ಉಪದೇಶವೇ ಹಿತವಾಗಿತ್ತು ಅನಿಸಿತು.

ಅಷ್ಟರಲ್ಲಿ ಪಕ್ಕದ ಮನೆಯ ಪ್ಯಾಟ್ಸಿ ಬಂದಳು, ಐವತ್ತೈದರ ಹೆಂಗಸು. ಅವಳ ತಂದೆ ಹೋಯ್ಟ್ ಮಿಲ್ಲಿನಲ್ಲಿ ಹತ್ತಿ ಹಿಂಜುವ ಕಾರ್ಡಿಂಗ್ ವಿಭಾಗದಲ್ಲಿ, ಹತ್ತಿಯ ದೂಳು ಮಂಜಿನ ಹಾಗೆ ಕವಿದಿರುತ್ತಿದ್ದ ಜಾಗದಲ್ಲಿ, ನಲವತ್ನಾಲ್ಕು ವರ್ಷ ದುಡಿದವರು. ದೂಳು ಶ್ವಾಸಕೋಶ ತಿಂದಿತ್ತು. ಎರಡು ವರ್ಷದಿಂದ ಮೂಗಿಗೆ ಆಕ್ಸಿಜನ್ ಕೊಳವೆ. ಈಚೆಗೆ ನೆನಪೂ ಕೈಕೊಡುತ್ತಿತ್ತು. ಶಾಂತಾರಾಮರು ಹೊಸದಾಗಿ ಬಂದಾಗ ಹಿತ್ತಲಲ್ಲಿ ಬೆಂಡೆ ಬೆಳೆಯುವುದನ್ನು ಹೇಳಿಕೊಟ್ಟವರು ಹೋಯ್ಟ್. ಆ ಬೆಂಡೆಯ ಹುಳಿ ತಿಂದು ಮೂರು ಲೋಟ ನೀರು ಕುಡಿದು, ಮತ್ತೆ ಬಡಿಸಿ ಎಂದವರೂ ಅವರೇ.

"ಡ್ಯಾಡಿ ಮನೆಯಲ್ಲಿಲ್ಲ," ಎಂದಳು ಪ್ಯಾಟ್ಸಿ. "ಆಕ್ಸಿಜನ್ ಕೊಳವೆ ಹಾಸಿಗೆಯ ಮೇಲಿದೆ."

ಎಲ್ಲಿಗೆ ಹೋಗಿರುತ್ತಾರೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಶಾಂತಾರಾಮರು ಓಡಿದರು. ಮಿಲ್ಲಿಗೆ ಅರ್ಧ ಮೈಲಿ, ಅದರಲ್ಲಿ ಕೊನೆಯ ಭಾಗ ಏರು. ಬ್ಯಾಂಕಿನ ಬ್ಯಾಡ್ಜು ಎದೆಗೆ ಬಡಿಯುತ್ತಿತ್ತು.

ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿತ್ತು. ಒಳಗೆ ಅರ್ಧ ಕಟ್ಟಡ, ಅರ್ಧ ಇಟ್ಟಿಗೆಯ ಗುಡ್ಡೆ. ಗೇಟಿನ ಕಂಬಕ್ಕೆ ಒರಗಿ ಹೋಯ್ಟ್ ನೆಲದ ಮೇಲೆ ಕೂತಿದ್ದರು. ಕೆಲಸದ ಪ್ಯಾಂಟು, ಗುಂಡಿ ತಪ್ಪಿಸಿ ಹಾಕಿದ ಅಂಗಿ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ತುಟಿ ನೀಲಿಯಾಗಿತ್ತು.

"ಬೀಗ ಹಾಕಿದ್ದಾರೆ," ಎಂದರು. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ನಾನು ಒಂದು ದಿನವೂ ತಡವಾಗಿ ಬಂದವನಲ್ಲ. ನೀವು ಆಫೀಸಿನವರಲ್ಲವಾ. ಒಳಗೆ ಹೇಳಿ."

ಇವತ್ತು ಶಿಫ್ಟ್ ಇಲ್ಲ, ಸೀಟಿ ತಪ್ಪಿ ಕೂಗಿದ್ದು ಎಂದರು ಶಾಂತಾರಾಮರು, ಅವರ ಪಕ್ಕದಲ್ಲಿ ಮೊಣಕಾಲೂರಿ.

ಹೋಯ್ಟ್ ಶಾಂತಾರಾಮರನ್ನು ನೆಟ್ಟ ಕಣ್ಣಿನಿಂದ ನೋಡಿದರು. "ಯಾರು ಊದಿದ್ದು?"

ಹೇಳಬಹುದಿತ್ತು. ಒಂದೇ ಶಬ್ದದ ಉತ್ತರ. ಶಾಂತಾರಾಮರ ಬಾಯಿಂದ ಬಂದದ್ದು, "ಯಾರೋ ಹೊಸಬ."

ಹೋಯ್ಟ್ ಅಸಹ್ಯದಿಂದ ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿದರು. ಆಂಬುಲೆನ್ಸ್ ಬರುವ ತನಕ ಶಾಂತಾರಾಮರು ಅವರ ಬೆನ್ನು ಹಿಡಿದು ನೇರವಾಗಿ ಕೂರಿಸಿಕೊಂಡಿದ್ದರು. ಅಂಗಿಯೊಳಗೆ ಮೂಳೆ ಬಿಟ್ಟರೆ ಬೇರೇನೂ ಇದ್ದ ಹಾಗಿರಲಿಲ್ಲ. ಹೋಯ್ಟರ ಸ್ಟ್ರೆಚರನ್ನು ಗಾಡಿಗೆ ಏರಿಸುವಾಗ, ಹಿಂದೆಯೇ ಓಡಿ ಬಂದಿದ್ದ ಪ್ಯಾಟ್ಸಿ ಶಾಂತಾರಾಮರತ್ತ ತಿರುಗಿದಳು.

"ಮಿಲ್ಲನ್ನು ಅವರು ಮರೆತಿದ್ದರು," ಎಂದಳು. "ಎರಡು ವರ್ಷ ಬೇಕಾಯಿತು ಮರೆಯಲು."

ಶನಿವಾರದ ಉದ್ಘಾಟನೆಗೆ ಶಾಂತಾರಾಮರು ಹೋಗಲಿಲ್ಲ. ಸೀಟಿಯನ್ನು ವಿನೋದಾಳೇ ಬೆಡ್‌ಶೀಟಿನ ಸಮೇತ ವ್ಯಾನಿನಲ್ಲಿ ಹಾಕಿಕೊಂಡು ಹೋಗಿ ಲೈಬ್ರರಿಗೆ ಕೊಟ್ಟು ಬಂದಳು. ವಾಲ್ವನ್ನು ಮಾತ್ರ ಹಿತ್ತಲ ಕಸದ ಡಬ್ಬಿಗೆ ಎಸೆದಳು. ಗಂಡನಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಸ್ವಲ್ಪ ಸುಲಭವಾಗುತ್ತಿತ್ತು.

ಹೋಯ್ಟ್ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ಚಳಿ ಹತ್ತಿ ನ್ಯುಮೋನಿಯಾ ಆಗಿತ್ತು. ಶಾಂತಾರಾಮರು ದಿನವೂ ಬ್ಯಾಂಕಿನಿಂದ ನೇರ ಅಲ್ಲಿಗೆ ಹೋಗಿ ಮಂಚದ ಪಕ್ಕ ಕೂರುತ್ತಿದ್ದರು. ಹೋಯ್ಟ್ ಒಮ್ಮೊಮ್ಮೆ ಕಾರ್ಡಿಂಗ್ ಯಂತ್ರದ ಹಲ್ಲು ಸವೆದದ್ದರ ಬಗ್ಗೆ ಹೇಳುತ್ತಿದ್ದರು, ಶಾಂತಾರಾಮರು ನಾಳೆಯೇ ಬದಲಿಸುತ್ತೇನೆ ಎನ್ನುತ್ತಿದ್ದರು. ಸತ್ಯ ಹೇಳಿಬಿಡಬೇಕು ಎಂದುಕೊಂಡೇ ಪ್ರತಿದಿನ ಹೋಗುತ್ತಿದ್ದರು. ಎಂಟನೆಯ ದಿನ ಹೇಳಿಯೂ ಹೇಳಿದರು. ಹೋಯ್ಟ್ ನಿದ್ದೆಯಲ್ಲಿದ್ದರು. ಮರುದಿನ ತೀರಿಕೊಂಡರು. ಶ್ವಾಸಕೋಶ ಎಂದೋ ಮುಗಿದಿತ್ತು, ಈ ಚಳಿಗಾಲ ದಾಟುವುದು ಹೇಗೂ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ವಿನೋದಾ ಈ ಮಾತನ್ನು ಗಂಡನಿಗೆ ಎರಡು ಸಲ ಹೇಳಿದಳು. ಅವರು ಎರಡು ಸಲವೂ ಹೂಂ ಎಂದರು.

ಮಣ್ಣು ಮಾಡಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಊಟ. ವಿನೋದಾ ಚಿತ್ರಾನ್ನ ಮಾಡಿ ತಂದಿದ್ದಳು. ಶಾಂತಾರಾಮರು ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದರು. ಪ್ಯಾಟ್ಸಿ ಅತ್ತು ಊದಿದ ಕಣ್ಣಿನಲ್ಲಿ ಅವರ ಹತ್ತಿರ ಬಂದಳು. ಈಗ ಬರುವುದು ಬರಲಿ ಎಂದು ಶಾಂತಾರಾಮರು ಬೆನ್ನು ನೆಟ್ಟಗೆ ಮಾಡಿಕೊಂಡರು.

ಕೊನೆಯ ದಿನ ಬೆಳಿಗ್ಗೆ ಡ್ಯಾಡಿ ಚೆನ್ನಾಗಿಯೇ ಮಾತಾಡಿದರು ಎಂದಳು ಪ್ಯಾಟ್ಸಿ. ಮಿಲ್ಲು ಮತ್ತೆ ಶುರುವಾಗಿದೆ ಎಂದು ನರ್ಸುಗಳಿಗೆಲ್ಲ ಹೇಳಿದ್ದರಂತೆ. ಒಂದೇ ಒಂದು ವಿಷಯಕ್ಕೆ ಅವರಿಗೆ ಸಿಟ್ಟು ಇಳಿದಿರಲಿಲ್ಲವಂತೆ.

"ಸೀಟಿ ಊದಿದ ಆ ಹೊಸಬನನ್ನು ಕೆಲಸದಿಂದ ತೆಗೆಯಲು ಹೇಳು ಅಂತ ನನ್ನ ಕೈ ಹಿಡಿದುಕೊಂಡರು."

ಶಾಂತಾರಾಮರು ನೆಲ ನೋಡಿದರು. "ನೀವೇನು ಹೇಳಿದಿರಿ?"

"ಅವನನ್ನು ತೆಗೆದು ಮೂರು ವರ್ಷ ಆಯಿತು ಡ್ಯಾಡಿ, ಅಂದೆ," ಎಂದಳು ಪ್ಯಾಟ್ಸಿ. "ಆಮೇಲೆ ಸಮಾಧಾನವಾಗಿ ಮಲಗಿದರು."