ಮೊದಲನೇ ಬೇಡಿಕೆ ಮೀನು

ಸರ್ಕಾರದ ಜೊತೆ ಹ್ಯಾಂಗ ಮಾತಾಡಬೇಕು ಅಂತ ಉತ್ತಮನಿಗೆ, ಅಂದರೆ ನನಗೆ, ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತು ವರ್ಷ ಬಸವಕಲ್ಯಾಣದ ತಹಶೀಲ್ ಕಚೇರಿ ಮುಂದೆ ಧರಣಿ ಕೂತು ಕೂತು ಅಲ್ಲಿನ ಬೇವಿನ ಗಿಡಕ್ಕೆ ನನ್ನ ಬೆನ್ನಿನ ಅಚ್ಚು ಬಿದ್ದಿದೆ. ಮನವಿಪತ್ರಕ್ಕೆ ಒಂದು ಶಾಸ್ತ್ರ ಉಂಟು. ಮೊದಲನೇ ಬೇಡಿಕೆ ಆಕಾಶದಷ್ಟಿರಬೇಕು: ಮನೆಗೆ ಐದೆಕರೆ ಜಮೀನು. ಸಾಹೇಬರ ಎದೆ ಧಸಕ್ಕೆನ್ನಬೇಕು. ಆಮೇಲೆ ಒಂದೊಂದೇ ಮೆಟ್ಟಿಲಿಳಿದು ಕಟ್ಟಕಡೆಗೆ ನಿಜವಾಗಿ ಬೇಕಾದದ್ದು: ಓಣಿಗೊಂದು ಬೋರ್‌ವೆಲ್. "ಇದೊಂದು ಆಗಬಹುದು" ಅಂತ ಸಾಹೇಬರು ಬೆವರು ಒರೆಸಿಕೊಳ್ಳುತ್ತಾರೆ, ನಾವು ಜೈಕಾರ ಕೂಗಿ ಮನೆಗೆ ಬರುತ್ತೇವೆ. ನಮ್ಮ ಓಣಿಯ ನಾಲ್ಕೂ ಬೋರ್‌ವೆಲ್ ಕೊನೆಯ ಸಾಲಿನಲ್ಲೇ ಹುಟ್ಟಿದವು. (ಎರಡರಲ್ಲಿ ನೀರಿಲ್ಲ. ಅದು ಶಾಸ್ತ್ರದ ತಪ್ಪಲ್ಲ.)

ಮಗಳು ಪ್ರಣಿತಾ ಸಿಇಟಿ ಬರೆದಾಗಿನಿಂದ ನನಗೊಂದೇ ಕನಸು. ಬೀದರಿನಲ್ಲಿ ದನದ ಡಾಕ್ಟರಕಿ ಓದಬೇಕು. ಮಧ್ಯಾಹ್ನ ಹೊರಸಿನ ಮೇಲೆ ಕಣ್ಣು ಮುಚ್ಚಿದರೆ ಸಾಕು, ಬಿಳಿ ಕೋಟಿನ ಪ್ರಣಿತಾ ಶನಿವಾರದ ಬಸ್ಸಿಳಿದು ಬರುವಳು. ನಮ್ಮ ಎಮ್ಮೆ ತಾನಾಗಿ ಎದ್ದು ನಿಂತು ಡಾಕ್ಟರಿಗೆ ನಾಲಿಗೆ ತೋರಿಸುವುದು. ಊರಿನ ದನಗಳೆಲ್ಲ ದೂಡಾಟವಿಲ್ಲದೆ ಸಾಲು ಹಚ್ಚುವವು. (ನಮ್ಮ ಸಂಘಟನೆಯವರು ಒಂದು ದಿನವೂ ಹಾಗೆ ನಿಂತವರಲ್ಲ.) ನಮ್ಮಜ್ಜನನ್ನು ಬಾವಿಗೆ ಬಿಡದವರ ಮನೆಯ ಹೋರಿ ಕೂಡ ನಮ್ಮ ಎಮ್ಮೆಯ ಹಿಂದೆ, ತಲೆ ತಗ್ಗಿಸಿ, ತನ್ನ ಪಾಳಿಗೆ ಕಾಯುವುದು. ಆಹಾ! ಇಂಥ ಹೊತ್ತಿಗೆ ಸರಿಯಾಗಿ ಹೆಂಡತಿ ಮುಕ್ತಾಬಾಯಿ, "ಎಮ್ಮಿಗೆ ಕಣಕಿ ಹಾಕೀರೇನು?" ಅನ್ನುವಳು.

ಮಗಳ ಕನಸೇನು ಅಂತ ನಾನು ಕೇಳಿರಲಿಲ್ಲ. ಅವಳು ದಿನಾ ಸಂಜೆ ತ್ರಿಪುರಾಂತ ಕೆರೆ ದಂಡೆಗೆ ಕೂತು, ಚುರಮುರಿ ಚೆಲ್ಲುತ್ತ ಮೀನು ನೋಡುತ್ತಿದ್ದಳು. ಪರೀಕ್ಷೆಯ ದಣಿವು ಅಂದುಕೊಂಡೆ.

ಕಾಲೇಜುಗಳ ಪಟ್ಟಿ ತುಂಬುವ ದಿನ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಅಪ್ಪಾ, ನನ್ನದೂ ಒಂದು ಮನವಿಪತ್ರ ಅದ."

ನನ್ನ ರಕ್ತ! ಹೆಮ್ಮೆಯಿಂದ ಬಿಡಿಸಿದೆ. ಒಂದು, ಸ್ಕೂಟಿ. ಎರಡು, ಲ್ಯಾಪ್‌ಟಾಪ್. ಮೂರು, ಯಾವ ಸೀಟು ಬಂದರೂ ತಕರಾರಿಲ್ಲದೆ ಕಳಿಸಬೇಕು.

"ಸ್ಕೂಟಿ ನಾಮಂಜೂರ್. ಲ್ಯಾಪ್‌ಟಾಪ್ ನಾಮಂಜೂರ್," ಅಂದೆ, ಥೇಟ್ ತಹಶೀಲ್ದಾರರ ಠೀವಿಯಲ್ಲಿ. "ಮೂರನೇದು ಮಂಜೂರ್!" ಖರ್ಚಿಲ್ಲದ ಬೇಡಿಕೆ ನೋಡ್ರಿ.

"ಪೂರಾ ಓದಿ ಸಹಿ ಮಾಡ್ರಿ," ಅಂದಳು ಮುಕ್ತಾಬಾಯಿ.

"ಮನವಿಪತ್ರ ಓದೂದು ನನಗ ಕಲಸಾಕತ್ತೀ?" ಅಂತ ಸಹಿ ಎಳೆದು, ಮೇಲೆ ಸಂಘಟನೆಯ ರಬ್ಬರ್ ಸಿಕ್ಕಾ ಗುದ್ದಿದೆ.

ಹುಮನಾಬಾದಿನಲ್ಲಿ ಅಜೀಮುದ್ದೀನನ ಇಂಟರ್ನೆಟ್ ಅಂಗಡಿ ಇದೆ. ನಮ್ಮ ಕರಪತ್ರಗಳನ್ನೆಲ್ಲ ಝೆರಾಕ್ಸ್ ಮಾಡಿಕೊಟ್ಟ ಹಳೇ ದೋಸ್ತ. ಕಾರ್ಖಾನೆಗಳ ಔಷಧಿ ವಾಸನೆ ಬೆರೆತ ಗಾಳಿಯಲ್ಲಿ ಚಹಾ ಕುಡಿಯುತ್ತ ಅವನು ತಿಳಿಸಿ ಹೇಳಿದ: "ಉತ್ತಮ್ ಭಾಯ್, ಇದಕ್ಕ ಆಪ್ಷನ್ ಎಂಟ್ರಿ ಅಂತಾರ. ಯಾವುದು ಭಾಳ ಬೇಕೋ ಅದು ಒಂದನೇ ನಂಬರ್."

"ನನಗ ಹೇಳಬ್ಯಾಡ. ಬೀದರ್ ದನದ ಡಾಕ್ಟರಕಿ ಕಟ್ಟಕಡೀಗೆ ಹಾಕು. ಮೊದಲನೇದು ಸರ್ಕಾರದ ಎದಿ ಒಡಿಯೂ ಅಂಥಾದ್ದು ಬೇಕು. ಏನೇನದ?"

ಪ್ರಣಿತಾ ಮೆಲ್ಲಗೆ, "ಮಂಗಳೂರಾಗ ಮೀನುಗಾರಿಕೆ ವಿಜ್ಞಾನ ಅದ, ಅಪ್ಪಾ," ಅಂದಳು.

ಮೀನು! ಕಲ್ಯಾಣದ ಹುಡುಗಿಗೆ ಮೀನು! ನಗು ತಡೆಯಲಾಗದೆ ಚಹಾ ಅಂಗಿ ಮೇಲೆ ಚೆಲ್ಲಿತು. "ಹಾಕು! ಒಂದನೇ ನಂಬರ್!"

"ಭಾಯ್, ಕಂಪ್ಯೂಟರ್ ಮ್ಯಾಲಿಂದ ನೋಡ್ತದ. ಮೊದಲು ಸಿಕ್ಕಿದ್ದಕ್ಕ ನಿಂತು ಬಿಡ್ತದ."

"ಅಧಿಕಾರಿಗಳು ಮೊದಲು ಹಂಗೇ ಹೆದರಸ್ತಾರ."

"ಅಪ್ಪಗ ಅನುಭವ ಅದ, ಮಾಮಾ," ಅಂದಳು ಮಗಳು, ಕಣ್ಣು ಪರದೆಯಿಂದ ತೆಗೆಯದೆ. "ಅವ್ರು ಹೇಳಿದಂಗೇ ಹಾಕ್ರಿ."

ಕೆಲವು ದಿನಕ್ಕೆ ಅಣಕು ಹಂಚಿಕೆ ಬಂತು. ಇದು ತಾಲೀಮು ಇದ್ದಂತೆ; ಮನಸ್ಸು ಬದಲಿಸಿ ಪಟ್ಟಿ ತಿದ್ದಬಹುದು. ಅದರಲ್ಲಿ ಮೀನು ಬಂದಿತ್ತು. ಅಜೀಮುದ್ದೀನ್ ಫೋನಿನಲ್ಲಿ ಹೊಯ್ಕೊಂಡ: "ಈಗರೆ ಬದಲ್ ಮಾಡು ಭಾಯ್!"

"ಬದಲ್? ಪೊಲೀಸರು ಮೊದಲು ಲಾಠಿ ನೆಲಕ್ಕ ಬಡೀತಾರ. ಆವಾಗ ಓಡಿದಾಂವ ಹೋರಾಟಗಾರನೇ ಅಲ್ಲ," ಅಂತ ಫೋನಿಟ್ಟು ಹೊರಸಿಗೆ ಹೋದೆ. ಹೋರಿ ಇನ್ನೂ ಪಾಳಿಯಲ್ಲೇ ನಿಂತಿತ್ತು.

ನಿಜವಾದ ಹಂಚಿಕೆಯಲ್ಲೂ ಮೀನೇ ಬಂತು. ಮೂವತ್ತು ವರ್ಷದಲ್ಲಿ ಸರ್ಕಾರ ನನ್ನ ಮೊದಲನೇ ಬೇಡಿಕೆ ಒಪ್ಪಿದ್ದು ಅದೇ ಮೊದಲು. ಐದೆಕರೆ ಕೇಳಿದಾಗ ಎಲ್ಲಿ ಸತ್ತಿತ್ತು ಈ ಸರ್ಕಾರ?

ಹುಮನಾಬಾದಿಗೆ ಓಡಿದೆ. "ಬೀದರಿಂದು ಎಲ್ಲಿ?"

"ಸೀಟ್ ಸಿಕ್ಕ ಮ್ಯಾಲ ಕೆಳಗಿನವೆಲ್ಲಾ ಅಳಿಸಿ ಹೋಗ್ತಾವ."

"ಮುಂದಿನ ಸುತ್ತು?"

"ಮುಂದಿನ ಸುತ್ತಿನಾಗ ಮ್ಯಾಲಿಂದಕ್ಕ ಏರಬಹುದು, ಭಾಯ್. ನಿನ್ನದರ ಮ್ಯಾಲ ಏನದ? ಛತ್ ಅದ, ಬರೇ ಮಾಳಗಿ."

ಮನೆಗೆ ಬಂದು ಕೊನೆಯ ಅಸ್ತ್ರ ತೆಗೆದೆ. "ಪ್ರಣಿತಾ, ಅಷ್ಟು ದೂರ ಫೀಸ್ ಯಾರು ಕಟ್ಟತಾರ?"

"ಶುಲ್ಕ ವಿನಾಯಿತಿ ಅದ, ಅಪ್ಪಾ. ಜಾತಿ ಸರ್ಟಿಫಿಕೇಟು, ಆದಾಯದ್ದು, ಎರಡೂ ತಂದೀನಿ."

"ಇರೂದೆಲ್ಲಿ?"

"ಹಾಸ್ಟೆಲ್ಲಿಗೆ ಅರ್ಜಿ ಹಾಕೀನಿ."

"ಇವನ್ನೆಲ್ಲಾ ಯಾವ ಮೂರ್ಖ ಕೊಡಿಸಿದ?" ಅಂತ ಕೂಗಿದೆ.

ಮುಕ್ತಾಬಾಯಿ ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ಫೀಸ್ ಮಾಫ್ ಮಾಡ್ರಿ, ಹಾಸ್ಟೆಲ್ ಕೊಡ್ರಿ ಅಂತ ಬೀದರಾಗ ಡಿಸಿ ಆಫೀಸ್ ಮುಂದ ಆರು ದಿನ ಯಾರು ಬಿದ್ದಿದ್ರು? ನಾನೇ ಬುತ್ತಿ ಕಟ್ಟಿ ಕಳಸೀನಿ. ಈಗ ನಿಮ್ಮ ಮಗಳಿಗೇ ಸಿಕ್ಕರ ಹೊಟ್ಟಿ ಉರೀತದೇನು?"

ಹೊಟ್ಟೆ ಉರಿಯಲಿಲ್ಲ. ಖಾಲಿ ಅನ್ನಿಸಿತು, ಅಷ್ಟೇ. ನೆಪ ಹುಡುಕುವಷ್ಟರಲ್ಲಿ ಮಗಳು ಸಿಕ್ಕಾ ಗುದ್ದಿದ ಕಾಗದ ಮುಂದೆ ಹಿಡಿದಳು.

"ಮೂರನೇದು ಮಂಜೂರ್ ಆಗೇದ, ಅಪ್ಪಾ."

"ನಿನಗ ಸ್ಕೂಟಿ ಬೇಕಾಗಿತ್ತಲ್ಲ? ಕೊಡಸ್ತೀನಿ. ಲ್ಯಾಪ್‌ಟಾಪೂ ಕೊಡಸ್ತೀನಿ. ಇಲ್ಲೇ ಇರು."

"ಅವು ಸಾಹೇಬರ ಎದಿ ಒಡಿಯಾಕ ಹಾಕಿದ್ದು," ಅಂದಳು. "ನಿಜವಾದದ್ದು ಯಾವಾಗಲೂ ಕಡೀ ಸಾಲಿನಾಗಲ್ಲ ಇರೂದು? ಸಮುದ್ರ ನೋಡಬೇಕಾಗಿತ್ತಪಾ ನನಗ."

ಅವಳು ಕೆರೆ ಕಡೆ ಹೊರಟಳು, ಕೈಯಲ್ಲಿ ಚುರಮುರಿ. ನಾನು ಹೊರಸಿಗೆ ಬಿದ್ದು ಕಣ್ಣು ಮುಚ್ಚಿದೆ. ಕನಸು ತಪ್ಪದೆ ಬಂತು. ಪಾಳಿ ಚದುರಿತ್ತು, ಹೋರಿ ಮನೆಗೆ ಹೋಗಿತ್ತು, ಬಿಳಿ ಕೋಟು ಎಲ್ಲೂ ಇರಲಿಲ್ಲ. ಎಮ್ಮೆಯೊಂದೇ ಹತ್ತಿರ ಬಂದು ನಾಲಿಗೆ ತೋರಿಸಿತು. ಈ ಸಲ ಡಾಕ್ಟರಿಗಲ್ಲ, ನನಗೆ.