ಅಳಿಯನ ಓತಿಕ್ಯಾತಕ್ಕೆ ಹುಳು ಹುಡುಕಿದ್ದು

ಬೈಲಹೊಂಗಲದ ಮಾರುಕಟ್ಟೆ ರಸ್ತೆಯಲ್ಲಿ ನನ್ನದೊಂದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ ಇದೆ. ರೈತರು ಹುಳು ಹತ್ತಿದ ಎಲೆ ತಂದು ಕೌಂಟರಿನ ಮೇಲಿಡುತ್ತಾರೆ. ನಾನು ಕನ್ನಡಕ ಏರಿಸಿ ಒಂದು ಸಲ ನೋಡಿ, ಆ ಹುಳುವಿನ ಹೆಸರನ್ನೂ ಅದು ಯಾವ ಔಷಧದಿಂದ ಸಾಯುತ್ತದೆ ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಹೀಗಾಗಿ ಹುಳುಗಳ ವಿಷಯದಲ್ಲಿ ನನಗಿಂತ ಬಲ್ಲವರು ಈ ತಾಲೂಕಿನಲ್ಲಿಲ್ಲ ಎಂಬ ನಮ್ರ ನಂಬಿಕೆ ನನಗಿತ್ತು. ‘ಇತ್ತು’ ಎಂಬ ಶಬ್ದವನ್ನು ಓದುಗರು ದಯವಿಟ್ಟು ಗಮನಿಸಬೇಕು.

ನಮ್ಮ ಅಳಿಯಂದಿರಾದ ಪ್ರಸನ್ನ ಬೆಳಗಾವಿಯಲ್ಲಿ ಹಲ್ಲಿನ ಡಾಕ್ಟರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೋದ ಮಳೆಗಾಲದಲ್ಲಿ ಅವರೂ ಮಗಳು ವಿದ್ಯಾಳೂ ಲಡಾಖ್ ನೋಡಲು ಹೊರಟರು. ಹೊರಡುವ ಮುಂಚೆ ಕಾರಿನಲ್ಲಿ ಒಂದು ದೊಡ್ಡ ಗಾಜಿನ ಪೆಟ್ಟಿಗೆ ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿದರು. ಒಳಗೆ ಮರಳು, ಒಂದು ಕೊರಡು, ಮೇಲೆ ಬಿಸಿ ದೀಪ. ಕೊರಡಿನ ಮೇಲೆ ಗಂಟಲ ಕೆಳಗೆ ಮುಳ್ಳು ಮುಳ್ಳಿನ ಗಡ್ಡ ಬಿಟ್ಟುಕೊಂಡ ಒಂದು ಪ್ರಾಣಿ, ಪಂಚಾಯ್ತಿಗೆ ಕೂತ ಹಿರಿಯರಂತೆ ನಮ್ಮನ್ನು ನೋಡುತ್ತಿತ್ತು.

“ಇದು ಓತಿಕ್ಯಾತ ಅಲ್ಲೇನ್ರಿ?” ಅಂದಳು ನನ್ನ ಹೆಂಡತಿ ಶಾಂತಾ.

“ಬಿಯರ್ಡೆಡ್ ಡ್ರ್ಯಾಗನ್ ಅಂತಾರ್ರಿ ಅತ್ತಿ. ಇವನ ಹೆಸರು ದಾದಾ. ಇನ್ನೂ ಬೆಳಿಯೋ ವಯಸ್ಸು, ಸೊಪ್ಪಿನ ಜೋಡಿ ಜೀವಂತ ಹುಳ ಬೇಕರಿ ಇವಗ,” ಅಂದರು ಅಳಿಯಂದಿರು. ಒಂದು ಡಬ್ಬಿಯನ್ನೂ ಕೊಟ್ಟರು. ಅದರೊಳಗೆ ಮೂಲೆಯಲ್ಲಿ ಕೂತು ಕಿರ್ ಎನ್ನುವ ಜಾತಿಯ ಹುಳುಗಳು. ಸಾಕಿ ಮಾರುವವರು ಅವಕ್ಕೆ ಕ್ರಿಕೆಟ್ ಅನ್ನುತ್ತಾರಂತೆ. “ಮಾವಾರ, ಯಾವ ಹುಳ ಹಾಕಬೇಕು, ಯಾವುದು ಹಾಕಬಾರದು ಅಂತ ಸ್ವಲ್ಪ ಹೇಳ್ತೇನಿ…”

“ಅಳಿಯಂದ್ರ, ಹುಳದ ವಿಷಯ ನನಗ ಬಿಡ್ರಿ,” ಅಂದೆ ನಾನು. ಅವರು ಹೇಳುತ್ತ ಹೋದರು. ನಾನು ಆ ವೇಳೆಯನ್ನು ವ್ಯರ್ಥ ಮಾಡದೆ ಗೋವಿನಜೋಳದ ಸೈನಿಕ ಹುಳುವಿನ ಜೀವನಕ್ರಮದ ಬಗ್ಗೆ ಅವರಿಗೇ ಒಂದು ಭಾಷಣ ಮಾಡಿದೆ.

ಮೊದಲ ಅನಾಹುತ ಕ್ರಿಕೆಟ್ಟಿನಿಂದಲೇ ಶುರುವಾಯಿತು. ಅವು ರಾತ್ರಿಯಿಡೀ ಹಾಡಿದವು. ಬೆಳಿಗ್ಗೆ ಶಾಂತಾ ಡಬ್ಬಿಯನ್ನು ನನ್ನ ಕೈಗಿಟ್ಟು, “ಈ ಭಜನಾ ಮಂಡಳಿ ಮನ್ಯಾಗ ಬ್ಯಾಡ, ಅಂಗಡಿಗೆ ಒಯ್ರಿ,” ಅಂದಳು. ನಾನು ಒಯ್ದು, ತಂಪಾಗಿರಲಿ ಎಂದು ಒಳಗಿನ ಗೋದಾಮಿನಲ್ಲಿ ಔಷಧದ ಪೆಟ್ಟಿಗೆಗಳ ನಡುವೆ ಇಟ್ಟೆ. ಸಂಜೆ ನೋಡಿದರೆ ಎಲ್ಲವೂ ಕಾಲು ಮೇಲೆ ಮಾಡಿ ಮಲಗಿದ್ದವು. ಒಂದೂ ಕಿರ್ ಅನ್ನಲಿಲ್ಲ.

ಶಾಂತಾ ಡಬ್ಬಿಯೊಳಗೆ ಬಗ್ಗಿ ನೋಡಿ, “ನಿಮ್ಮ ಅಂಗಡ್ಯಾಗಿನ ಮಾಲು ಅಸಲಿ ಐತಿ ಬಿಡ್ರಿ,” ಅಂದಳು.

ಸತ್ತರೇನಂತೆ, ಈಗಷ್ಟೇ ಸತ್ತಿವೆಯಲ್ಲ ಎಂದು ಒಂದನ್ನು ಎತ್ತಿಕೊಂಡೆ. ಅವಳು ಕೈ ಹಿಡಿದಳು. “ವಿಷ ತಾಗಿದ ಹುಳ ಹಾಕಿದ್ರ ದಾದಾನೂ ಹಿಂಗ ಮಲಗತಾನ ಅಂತ ಅಳಿಯಂದ್ರು ಹೇಳ್ಯಾರ. ನೀವು ಭಾಷಣ ಮಾಡಾಕ ಹತ್ತಿದ್ರಿ. ನಾ ಕೇಳಾಕ ಹತ್ತಿದ್ದೆ.”

ಡಬ್ಬಿಯ ಮೇಲಿದ್ದ ನಂಬರು ನೋಡಿ ಕ್ರಿಕೆಟ್ ಮಾರುವವನಿಗೆ ಫೋನ್ ಮಾಡಿದೆ. ಮುಂದಿನ ಬೆಳೆ ಇನ್ನೂ ಸಣ್ಣದು, ಸ್ವಲ್ಪ ದಿನ ತಡೆಯಿರಿ ಅಂದ. ತಡೆಯಲು ನಾನು ಸಿದ್ಧನಿದ್ದೆ. ದಾದಾ ಸಿದ್ಧನಿರಲಿಲ್ಲ. ಕೊತ್ತಂಬರಿ ಇಟ್ಟರೆ ಅದರ ಮೇಲೆ ನಡೆದು ಹೋದ. ಕುಂಬಳಕಾಯಿ ತುರಿದು ಇಟ್ಟರೆ ಬೆನ್ನು ತಿರುಗಿಸಿ ಕೂತ. ಅಳಿಯಂದಿರಿಗೆ ಫೋನ್ ಮಾಡಬಹುದಿತ್ತು. ಆದರೆ ಹುಳುವಿನ ವಿಷಯ ನನಗೆ ಬಿಡಿ ಅಂದ ಮಾವ, ಅದೇ ವಾರ ಯಾವ ಬಾಯಿಂದ ಹುಳು ಕೇಳುವುದು?

ಅಂಗಡಿಗಂತೂ ಹುಳುಗಳು ದಿನವೂ ಬರುತ್ತಿದ್ದವು. ನೇಸರಗಿ ಕಡೆಯ ಒಬ್ಬ ರೈತರು ಸೋಯಾ ಎಲೆಯ ಜೊತೆ ದಪ್ಪ ಹಸಿರು ಹುಳು ತಂದರು. ನನ್ನ ಕಣ್ಣುಗಳು ಅರಳಿದವು. “ಇದಕ್ಕ ಏನರ ಹೊಡದೀರೇನ್ರಿ?” ಎಂದು ಆಸೆಯಿಂದ ಕೇಳಿದೆ.

“ಹೊಡಿಲಾರದ ಏನ್ರಿ? ಹೋದ ವಾರ ನೀವ ಕೊಟ್ರಲ್ಲ.”

ಎರಡನೆಯವರನ್ನು ಕೇಳಿದೆ. ಅವರೂ ನಾನು ಕೊಟ್ಟದ್ದನ್ನೇ ಹೊಡೆದಿದ್ದರು. ಮೂರನೆಯವರು ಎರಡು ಸಲ ಹೊಡೆದಿದ್ದರು. ಔಷಧ ತಾಗದ ಒಂದು ಹುಳು ಕೂಡ ಉಳಿಯದಂತೆ ಇಷ್ಟು ವರ್ಷ ಪ್ರಾಮಾಣಿಕವಾಗಿ ವ್ಯಾಪಾರ ಮಾಡಿದ್ದೇನೆ ಎಂದು ಜೀವನದಲ್ಲಿ ಮೊದಲ ಬಾರಿಗೆ ದುಃಖವಾಯಿತು.

ಆಗ ನನಗೆ ಅದ್ಭುತ ವಿಚಾರವೊಂದು ಹೊಳೆಯಿತು. ಎಕ್ಕೆ ಗಿಡಕ್ಕೆ ಯಾರೂ ಔಷಧ ಹೊಡೆಯುವುದಿಲ್ಲ. ಊರ ಹೊರಗಿನ ಬೇಲಿಗೆ ಹೋಗಿ ಹುಡುಕಿದೆ. ಕಪ್ಪು, ಬಿಳಿ, ಹಳದಿ ಪಟ್ಟಿಯ ಚೆಂದದ ಹುಳುಗಳು ಸಿಕ್ಕವು. ವಿಜಯಶಾಲಿಯಾಗಿ ಮನೆಗೆ ಬಂದರೆ, ಪಕ್ಕದ ಬಟ್ಟೆ ಅಂಗಡಿಯ ಗೆಳೆಯ ಮಲ್ಲೇಶಿ ಪಡಸಾಲೆಯಲ್ಲಿ ಕೂತಿದ್ದ. ಅವನ ಕೈಯಲ್ಲಿ ಒಂದು ಬಾಟಲಿ, ಬಾಟಲಿಯಲ್ಲಿ ಮಿಣುಕುಹುಳುಗಳು.

“ಲೈಟ್ ಇರೋವು ತಂದೇನಿ ದೋಸ್ತ. ಕತ್ತಲ್ಯಾಗೂ ಕಾಣತಾವು. ನಿನ್ನ ದಾದಾ ಹುಡುಕೋದ ಬ್ಯಾಡ,” ಅಂದ.

ಶಾಂತಾ ನಮ್ಮಿಬ್ಬರ ಸಂಗ್ರಹವನ್ನೂ ನೋಡಿದಳು. “ಮಿಣುಕುಹುಳ ಒಂದ ತಿಂದ್ರೂ ಅದು ಉಳಿಯೂದಿಲ್ಲಂತ. ಇನ್ನ ಎಕ್ಕಿ ಹಾಲು ಕುಡದು ಬೆಳದ ಹುಳ ಹಾಕಾಕ ಹೊಂಟೀರಲ್ರಿ, ನಿಮ್ಮ ಊಟಕ್ಕ ಎಕ್ಕಿ ಪಲ್ಯಾ ಮಾಡ್ಲೇನು? ಅಷ್ಟು ಬಣ್ಣ ಯಾಕ ಐತಿ ಅದಕ್ಕ? ತಿನಬ್ಯಾಡ ಅಂತ ಬೋರ್ಡ್ ಹಾಕ್ಕೊಂಡಂಗ ಐತಿ.”

ಮಲ್ಲೇಶಿ ಬಾಟಲಿ ತೆಗೆದುಕೊಂಡು ಎದ್ದು ಹೋದ. ನಾನು ನನ್ನ ಹುಳುಗಳನ್ನು ಗೌರವದಿಂದ ಅದೇ ಬೇಲಿಗೆ ಬಿಟ್ಟು ಬಂದೆ.

ಮರುದಿನ ದಾದಾ ಕೊರಡಿನಿಂದ ಇಳಿಯಲಿಲ್ಲ. ಹಸಿವಿನ ಸಂಕಟಕ್ಕೆ ಗಡ್ಡ ಕಪ್ಪಾಗಿತ್ತು. ಕೈ ಚಾಚಿದೆ. ಅವನು ಮೆಲ್ಲಗೆ ಅಂಗೈ ಹತ್ತಿ, ಮೊಳಕೈವರೆಗೂ ನಡೆದು, ಅಲ್ಲೇ ಹೊಟ್ಟೆ ಊರಿ ಮಲಗಿದ. ಹಗುರಾಗಿದ್ದಾನೆ ಅನ್ನಿಸಿತು. ನಿಜ ಹೇಳಬೇಕೆಂದರೆ ಆಗ ನನಗೆ ಅಳಿಯಂದಿರ ನೆನಪೂ ಬರಲಿಲ್ಲ, ಮರ್ಯಾದೆಯ ನೆನಪೂ ಬರಲಿಲ್ಲ. ನನ್ನನ್ನು ನಂಬಿ ಕೂತ ಒಂದು ಜೀವಕ್ಕೆ ತುತ್ತು ಹಾಕಲಾಗುತ್ತಿಲ್ಲವಲ್ಲ ಎಂದುಕೊಂಡು ಅವನನ್ನು ಹೊತ್ತು ಅಡುಗೆಮನೆಗೆ ನಡೆದೆ.

“ಶಾಂತಾ, ಅಳಿಯಂದ್ರು ಮತ್ತೇನು ಹೇಳಿದ್ರು?”

ಇಷ್ಟು ಸಣ್ಣ ಪ್ರಶ್ನೆಗೆ ಅವಳು ಇಷ್ಟು ದಿನ ಕಾಯುತ್ತಿದ್ದಳೆಂದು ತೋರುತ್ತದೆ. “ರೇಷ್ಮಿ ಹುಳ ಭಾಳ ಚಲೋ ಅಂದ್ರು. ಮೆತ್ತಗ, ಸುಲಭ ಅರಗತಾವಂತ. ನಿಮ್ಮ ಅಕ್ಕ ಕಟಕೋಳದಾಗ ಮತ್ತೇನು ಸಾಕ್ಯಾಳ, ಆನಿ?”

ಅಕ್ಕ ಗಂಗಕ್ಕ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾಳೆ. ಔಷಧದ ಗಾಳಿ ಬಡಿದರೂ ಆ ಹುಳುಗಳು ಉಳಿಯುವುದಿಲ್ಲ. ಅದಕ್ಕೇ ಅವಳ ಮನೆಗೆ ಹೋದಾಗಲೆಲ್ಲ ನನಗೆ ಬೇವಿನ ಮರದ ಕೆಳಗೇ ಚಹಾ. ಫೋನ್ ಮಾಡಿದೆ. ಅವಳು ಎಲ್ಲ ಕೇಳಿ, “ನಾ ಮಕ್ಕಳಂಗ ಬೆಳಿಸಿದ ಹುಳ ಅವು. ಎಂಥಾದ್ದರ ಬಾಯಾಗ ಹೋಗತಾವ ಅಂತ ಮದಲ ನೋಡಬೇಕು. ಅದನ್ನ ಕರಕೊಂಡು ಬಾ,” ಅಂದಳು.

ಹೀಗೆ ನಾವು ಮೂವರೂ ಬಸ್ಸು ಹತ್ತಿದೆವು. ದಾದಾ ಟವೆಲ್ ಹೊದ್ದು ಬುಟ್ಟಿಯಲ್ಲಿದ್ದ. ಸವದತ್ತಿಯಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಕಂಡಕ್ಟರ್ ಬಂದು ಬುಟ್ಟಿ ನೋಡಿದರು. “ಏನ್ರಿ ಇದು? ಕೋಳಿಯೇನು?”

ದಾದಾ ತಲೆ ಹೊರಗೆ ಹಾಕಿ ಗಡ್ಡ ಉಬ್ಬಿಸಿದ. ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದು, ಸ್ವಲ್ಪ ವಿಚಾರ ಮಾಡಿ, “ಕೋಳಿಗೆ ಟಿಕೆಟ್ ಐತ್ರಿ. ಇದಕ್ಕ ಏನು ಹರಿಬೇಕು ನನಗ ತಿಳಿವಲ್ದು. ನೀವು ಮುಚ್ಚಿಕೊಂಡು ಕೂಡ್ರಿ,” ಅಂದರು. ಮುಚ್ಚಬೇಕಾದ್ದು ಬುಟ್ಟಿಯೋ ಬಾಯಿಯೋ ಎಂದು ನಾನು ಕೇಳಲಿಲ್ಲ. ಎರಡನ್ನೂ ಮುಚ್ಚಿಕೊಂಡು ಕೂತೆ.

ಕಟಕೋಳದಲ್ಲಿ ಗಂಗಕ್ಕ ದಾದಾನನ್ನು ನೇರವಾಗಿ ಒಳಗೆ ಕರೆದುಕೊಂಡಳು. ಶಾಂತಾಳನ್ನೂ ಕರೆದುಕೊಂಡಳು. ನನ್ನನ್ನು ಮಾತ್ರ ಅಂಗಳದಲ್ಲೇ ತಡೆದಳು. “ತಮ್ಮಾ, ನಿನ್ನ ಮೈಯಾಗ ಅಂಗಡಿ ವಾಸನಿ ಐತಿ. ಮದಲ ಜಳಕಾ.”

ಮಾಡಿದೆ. ಅವಳು ಬಂದು ಮೂಸಿ ನೋಡಿ, “ಇನ್ನೂ ಐತಿ,” ಅಂದಳು. ಎರಡನೆಯ ಜಳಕಕ್ಕೆ ಶೀಗೆಕಾಯಿ ಕೊಟ್ಟಳು. ನನ್ನ ಅಂಗಿ, ಪ್ಯಾಂಟುಗಳನ್ನು ಕೋಲಿನಿಂದ ಎತ್ತಿ ದೂರದ ಬೇಲಿಗೆ ಹಾಕಲಾಯಿತು. ಅಕ್ಕನ ಗಂಡನ ಧೋತರ ಸುತ್ತಿಕೊಂಡು, ಒಂದು ಟವೆಲ್ ಹೊದ್ದುಕೊಂಡು, ತಾಲೂಕಿನ ಕೀಟತಜ್ಞನಾದ ನಾನು ಕೊನೆಗೂ ಹುಳುಗಳ ಸನ್ನಿಧಿಗೆ ಪ್ರವೇಶ ಪಡೆದೆ.

ರೋಗ ಬರದಂತೆ ಹುಳುಗಳ ಮೇಲೆ ಹಾಕುವ ಸುಣ್ಣದ ಪುಡಿ ಇನ್ನೂ ಉದುರಿಸದ ಒಂದು ತಟ್ಟೆಯಿಂದ ಗಂಗಕ್ಕ ಚುರುಕಾದ ಸಣ್ಣ ಹುಳುಗಳನ್ನು ಆರಿಸಿದಳು. ದಾದಾನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪ ಹುಳು ಕೊಡಬಾರದು ಎಂದು ಶಾಂತಾ ಎಚ್ಚರಿಸಿದಳು. ನಾನು ಒಂದೊಂದನ್ನೂ ಅವನ ಹಣೆಯ ಹತ್ತಿರ ಹಿಡಿದು ಅಳತೆ ಮಾಡಿದೆ.

“ಕನ್ಯಾ ನೋಡಾಕ ಬಂದವರೂ ಇಷ್ಟು ನೋಡೂದಿಲ್ಲ,” ಅಂದಳು ಗಂಗಕ್ಕ. ಅಷ್ಟರಲ್ಲಿ ಶಾಂತಾ ಅಳಿಯಂದಿರು ಕೊಟ್ಟ ಕ್ಯಾಲ್ಸಿಯಂ ಪುಡಿ ತೆಗೆದು ಹುಳುಗಳಿಗೆ ಹಚ್ಚಿದಳು. “ಪೌಡರ್ ಬ್ಯಾರೆ ಹಚ್ಚತೀರೇನವಾ,” ಎಂದು ಅಕ್ಕ ಗಲ್ಲಕ್ಕೆ ಕೈ ಹಚ್ಚಿಕೊಂಡಳು.

ಮೊದಲ ಹುಳುವನ್ನು ದಾದಾನ ಮುಂದೆ ಬಿಟ್ಟೆವು. ಅವನು ನೋಡಿದ. ತಲೆ ವಾರೆ ಮಾಡಿದ. ನಾವು ಮೂವರೂ ಉಸಿರು ಹಿಡಿದೆವು. ನಾಲಿಗೆ ಹೊರಗೆ ಬಂದದ್ದು ಕಂಡಿತು, ಒಳಗೆ ಹೋದದ್ದು ಕಾಣಲಿಲ್ಲ. ತಟ್ಟೆ ಖಾಲಿ. ಎರಡನೆಯದು ಹೋಯಿತು. ಮೂರನೆಯದನ್ನು ನನ್ನ ಬೆರಳಿನಿಂದಲೇ ಕಸಿದುಕೊಂಡ. ಕಪ್ಪು ಗಡ್ಡ ನಮ್ಮ ಕಣ್ಣೆದುರೇ ತಿಳಿಯಾಗುತ್ತ ಬಂತು. ಮಕ್ಕಳಂತೆ ಬೆಳೆಸಿದ ಹುಳು ಎಂದಿದ್ದ ಗಂಗಕ್ಕ, “ಇನ್ನೊಂದೀಟು ಹಾಕವಾ, ಹಸದೈತಿ ಪಾಪ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಧೋತರ ಸಡಿಲಾದದ್ದನ್ನೂ ಗಮನಿಸದೆ ಚಪ್ಪಾಳೆ ತಟ್ಟಿದೆ.

ಡಬ್ಬಿ ತುಂಬ ಹುಳು, ಚೀಲ ತುಂಬ ಹಿಪ್ಪುನೇರಳೆ ಸೊಪ್ಪು ತೆಗೆದುಕೊಂಡು ಬಂದೆವು. ಆಮೇಲೆ ದಿನವೂ ಅಂಗಡಿಯಿಂದ ಬಂದವನು ಹಿತ್ತಲಲ್ಲೇ ಜಳಕ ಮಾಡಿ ಒಳಗೆ ಬರುತ್ತಿದ್ದೆ. ದಾದಾ ಮೈತುಂಬಿಕೊಂಡ. ಸೊಪ್ಪನ್ನೂ ಮುಟ್ಟತೊಡಗಿದ.

ಅಳಿಯಂದಿರು ಬಂದವರೇ ದಾದಾನನ್ನು ಎತ್ತಿ, ಬಾಲ ನೋಡಿ, ಹೊಟ್ಟೆ ನೋಡಿ, “ಮಾವಾರ, ನನಗಿಂತ ಚಂದ ನೋಡಿಕೊಂಡೀರಿ. ಮುಂದಿನ ಸಲಾನೂ ನಿಮ್ಮ ಕಡೇನ ಬಿಡ್ತೇನಿ,” ಅಂದರು. ಇದಕ್ಕಿಂತ ದೊಡ್ಡ ಪದವಿ ಯಾವ ಮಾವನಿಗೆ ಸಿಕ್ಕಿದೆ? ನಾನು ಕುರ್ಚಿಯಲ್ಲಿ ಹಿಂದಕ್ಕೊರಗಿ, “ಹುಳದ ವಿಷಯದಾಗ ಏನೂ ತ್ರಾಸ ಆಗಲಿಲ್ರಿ. ಅನುಭವ ಅದ ನೋಡ್ರಿ,” ಅಂದೆ.

ವಿದ್ಯಾ ನಗು ತಡೆಯಲಾರದೆ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದಳು. ನನ್ನೊಬ್ಬನನ್ನು ಬಿಟ್ಟು ಮನೆಯವರೆಲ್ಲ ಇದ್ದ ಒಂದು ಗ್ರೂಪ್. ಶಾಂತಾ ಮೊದಲ ದಿನದಿಂದ ಒಂದನ್ನೂ ಬಿಡದೆ ಎಲ್ಲವನ್ನೂ ಕಳಿಸಿದ್ದಳು. ಲಡಾಖಿನ ಹೋಟೆಲಿನಲ್ಲಿ ಕೂತು ಅವರು ದಿನವೂ ಇದನ್ನೇ ನೋಡಿ ಮಲಗುತ್ತಿದ್ದರಂತೆ. ಎಲ್ಲರೂ ಅತಿ ಹೆಚ್ಚು ಮೆಚ್ಚಿದ ಫೋಟೋ ಕಟಕೋಳದ್ದು. ಒದ್ದೆ ತಲೆಯಲ್ಲಿ ಟವೆಲ್ ಹೊದ್ದು ನಾನು ಕೂತಿದ್ದೆ, ಪಕ್ಕದಲ್ಲಿ ಟವೆಲ್ ಹೊದ್ದು ದಾದಾ ಕೂತಿದ್ದ. ಇಬ್ಬರಲ್ಲಿ ಹುಳುಗಳ ವಿಷಯ ಬಲ್ಲವನಂತೆ ಕಾಣುತ್ತಿದ್ದವನು ದಾದಾ.