ವಾಸುವಿನ ಸ್ಕೂಟರಿಗೆ ಜೇನು ಕೂತದ್ದು

ಹೆಣ್ಣು ನೋಡಲು ಹೊರಟ ದಿನವೇ ವಾಸುವಿನ ಹೊಸ ಸ್ಕೂಟರಿನ ಹ್ಯಾಂಡಲ್ಲಿಗೆ ಜೇನು ಬಂದು ಕೂತಿತು. ಒಂದೆರಡಲ್ಲ. ಎಳೆ ಹಲಸಿನ ಗಾತ್ರದ, ಸದಾ ಮಿಸುಕುವ ಕಂದು ಗೊಂಚಲು.

ವಾಸು ಕಾಪುವಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನು. ವಯಸ್ಸು ನಲವತ್ತರ ಹತ್ತಿರ. ಬಂದ ಸಂಬಂಧಗಳೆಲ್ಲ ಕೈತಪ್ಪಿದ್ದವು. ಇದೂ ತಪ್ಪಿದರೆ ತನ್ನನ್ನು ಮತ್ತೆ ಕರೆಯಬೇಡ ಎಂದು ಮದುವೆ ಮಾತುಕತೆ ಮಾಡಿಸುವ ಸರಸಕ್ಕ ಫೋನಿನಲ್ಲೇ ಹೇಳಿಬಿಟ್ಟಿದ್ದರು. ಹುಡುಗಿಯ ಕಡೆಯವರು ಉಡುಪಿಯ ಕಡಿಯಾಳಿ ದೇವಸ್ಥಾನದಲ್ಲಿ ಕಾಯುವುದೆಂದು ಮಾತಾಗಿತ್ತು.

ಪಕ್ಕದ ಮನೆಯ ವಿಜೇತಾ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬೇಲಿಯಾಚೆಯಿಂದಲೇ ನೋಡಿ ಹೇಳಿದಳು, “ಹೆಜ್ಜೇನಲ್ಲ ವಾಸಣ್ಣ, ತುಡುವೆ ಜೇನು. ಹೊಸ ಜಾಗ ಹುಡುಕುವ ಮಧ್ಯೆ ಸುಧಾರಿಸಿಕೊಳ್ಳಲು ಕೂತದ್ದು. ಸುಮ್ಮನೆ ಬಿಟ್ಟರೆ ತಾವಾಗಿ ಹೋಗ್ತವೆ. ಹೊಗೆ, ನೀರು ಎಂತದೂ ಬೇಡ. ನೀವು ಬಸ್ಸಿಗೆ ಹೋಗಿ.”

ವಾಸು ಒಪ್ಪಿದ. ಅಷ್ಟರಲ್ಲಿ ಎದುರು ಮನೆಯ ಭುಜಂಗಣ್ಣ ಬಂದ. ಯಾರ ಮನೆಯ ಕಷ್ಟವನ್ನೂ ದೊಡ್ಡದು ಮಾಡದೆ ಆತ ಹಿಂದಿರುಗಿದ್ದಿಲ್ಲ.

“ಬಸ್ಸಿನಿಂದ ಇಳಿಯುವ ಗಂಡಿಗೆ ಯಾರು ಹೆಣ್ಣು ಕೊಡ್ತಾರೆ ಮಾರಾಯ? ಸ್ಕೂಟರ್ ಉಂಟು ಅಂತ ಹೇಳಿ ಆಗಿದೆ ಅಲ್ವಾ?”

“ಹೇಳಿ ಆಗಿದೆ,” ಎಂದಳು ವಾಸುವಿನ ತಾಯಿ ಅಮ್ಮಣ್ಣಿ, ಅಳುವ ದನಿಯಲ್ಲಿ.

“ಮತ್ತೆಂತ? ಬಲೆ ತನ್ನಿ! ಕಡಲಿಗೆ ಇಳಿಯುವವರು ನಾವು, ನೊಣಕ್ಕೆ ಹೆದರುವುದಾ?”

ಬೇಡವೆನ್ನಲು ವಾಸು ಬಾಯಿ ತೆರೆಯುವುದರೊಳಗೆ ಬೀಸುಬಲೆ ಅವನ ಹೆಗಲಿಗೆ ಬಂದಿತ್ತು. ಬೇಲಿಯುದ್ದಕ್ಕೂ ಜನ ಸೇರಿದ್ದರು. ಇಷ್ಟು ಜನರೆದುರು ಬಲೆ ಕೆಳಗಿಡುವುದು ಅವನ ಮನೆತನದಲ್ಲೇ ಇರಲಿಲ್ಲ. ಅಭ್ಯಾಸಬಲದಿಂದ ಹಗ್ಗವನ್ನು ಮಣಿಕಟ್ಟಿಗೆ ಬಿಗಿದುಕೊಂಡು ಬೀಸಿದ. ಅಜ್ಜ ಕಲಿಸಿದ ಕೈ. ಬಲೆ ದೋಸೆಯಂತೆ ದುಂಡಗೆ ಹರಡಿ ಇಡೀ ಸ್ಕೂಟರನ್ನು ಮುಚ್ಚಿತು.

“ಬಿತ್ತು!” ಎಂದು ಭುಜಂಗಣ್ಣ ಕುಣಿದ.

ಆ ಬಲೆಯ ಕಣ್ಣಿನಿಂದ ಬಂಗುಡೆ ಮೀನು ಹೊರಗೆ ಬರುವುದಿಲ್ಲ. ಜೇನು ಬಂದಿತು.

ಬೇಲಿ ಖಾಲಿಯಾಯಿತು. ಎಲ್ಲರಿಗಿಂತ ಮುಂದೆ ಓಡಿದವನು ಭುಜಂಗಣ್ಣ. ವಾಸುವೂ ಓಡಿದ, ಹಗ್ಗದ ಉದ್ದದಷ್ಟು. ಆಮೇಲೆ ಸ್ಕೂಟರು ಅವನನ್ನು ಹಿಡಿದು ನಿಲ್ಲಿಸಿತು.

“ಕೈ ಬೀಸಬೇಡಿ, ಮುಖ ಮುಚ್ಚಿ ಒಳಗೆ ಬನ್ನಿ!” ಎಂದು ವಿಜೇತಾ ಬಾಗಿಲು ತೆರೆದು ಕೂಗಿದಳು. ಗಂಟು ಬಿಚ್ಚಿ ಒಳಗೆ ಸೇರುವಷ್ಟರಲ್ಲಿ ಆಗುವುದೆಲ್ಲ ಆಗಿತ್ತು.

“ಉಸಿರು ಕಟ್ತದಾ? ತಲೆ ತಿರುಗ್ತದಾ?”

“ಇಲ್ಲ.”

“ಹಾಗಾದರೆ ಬದುಕ್ತೀರಿ,” ಎಂದು ಅವಳು ಐಸ್ ಕೊಟ್ಟಳು. ಬದುಕುವುದು ಅಂಥ ಲಾಭವೇನೂ ಅಲ್ಲ ಎಂದು ವಾಸುವಿಗೆ ಅನಿಸಿತು.

ಕೊನೆಗೆ ಬಸ್ಸಿನಲ್ಲೇ ಹೋದ. ಕಟಪಾಡಿಯಲ್ಲಿ ಹತ್ತಿದ ಹೆಂಗಸೊಬ್ಬಳು ಅವನ ಪಕ್ಕದ ಸೀಟು ಖಾಲಿ ಇದ್ದರೂ ಉಡುಪಿಯವರೆಗೆ ನಿಂತೇ ಬಂದಳು. ಕಡಿಯಾಳಿ ತಲುಪುವಾಗ ಮುಖ ಎಣ್ಣೆಗೆ ಬಿಟ್ಟ ಬನ್ಸಿನಂತೆ ಉಬ್ಬಿತ್ತು. ಒಂದು ಕಣ್ಣು ಮುಚ್ಚಿತ್ತು. ತುಟಿಗಳು ಮಾತು ಕೇಳುತ್ತಿರಲಿಲ್ಲ.

ಹುಡುಗಿಯ ತಂದೆ ದೇವದಾಸರು ಅವನನ್ನು ಬಹಳ ಹೊತ್ತು ನೋಡಿದರು. ಇದೂ ಹೋಯಿತು ಎಂದುಕೊಂಡ ವಾಸು.

“ತುಡುವೆಯಾ?”

ವಾಸು ತಲೆಯಾಡಿಸಿದ.

“ಇಷ್ಟು ಕಚ್ಚಿದರೂ ಬಂದಿರಾ?”

ಮತ್ತೆ ತಲೆಯಾಡಿಸಿದ.

ದೇವದಾಸರು ಅವನ ಎರಡೂ ಕೈ ಹಿಡಿದುಕೊಂಡರು. “ಇನ್ನಂಜೆಯಲ್ಲಿ ನಮ್ಮದು ಜೇನು ಸಾಕಣೆ. ಅಂಗಳ, ತೋಟ, ಮಲಗುವ ಕೋಣೆಯ ಕಿಟಕಿ, ಎಲ್ಲ ಕಡೆ ಪೆಟ್ಟಿಗೆ ಉಂಟು. ಬಂದ ಹುಡುಗರೆಲ್ಲ ಗೇಟಿನಿಂದಲೇ ಓಡಿದರು. ಅದಕ್ಕೇ ಈ ಸಲ ದೇವಸ್ಥಾನಕ್ಕೆ ಕರೆದದ್ದು. ಒಬ್ಬಳೇ ಮಗಳು. ಮದುವೆ ನಂತರ ನೀವು ನಮ್ಮಲ್ಲೇ ಇರಬೇಕು. ಪೆಟ್ಟಿಗೆ ಎಲ್ಲ ಇನ್ನು ನಿಮ್ಮ ಜವಾಬ್ದಾರಿ!”

ಆಗುವುದಿಲ್ಲ ಎನ್ನಲು ವಾಸು ತುಟಿ ಬಿಡಿಸಲು ನೋಡಿದ. ಅವು ತೆರೆಯಲಿಲ್ಲ. ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದ.

“ಪಾಪ, ತುಂಬಾ ಉರಿ,” ಎಂದರು ಅತ್ತೆಯಾಗಲಿರುವವರು.

ಹುಡುಗಿ ನಿಖಿತಾ ಹತ್ತಿರ ಬಂದು, ಅವನ ಕೆನ್ನೆಯಲ್ಲಿ ಉಳಿದಿದ್ದ ಮುಳ್ಳನ್ನು ಉಗುರಿನಿಂದ ನಯವಾಗಿ ಕೆರೆದು ತೆಗೆದಳು. ತೆರೆದಿದ್ದ ಒಂದೇ ಕಣ್ಣಿನಿಂದ ನೀರು ಇಳಿಯಿತು.

“ಖುಷಿಗೆ,” ಎಂದು ದೇವದಾಸರು ಎಲ್ಲರಿಗೂ ತಿಳಿಸಿದರು.

ನಿಖಿತಾ ಮಾತ್ರ ಅವನ ಕಿವಿಯ ಹತ್ತಿರ ಮೆಲ್ಲಗೆ ಸಮಾಧಾನ ಹೇಳಿದಳು. “ಹೆದರಬೇಡಿ. ಹೀಗೆ ಊದುವುದು ಮೊದಲ ಒಂದೆರಡು ವರ್ಷ ಮಾತ್ರ.”